ಆನೆಗೊಂದಿ ಸೇತುವೆಯ ಕಥೆ ಇಷ್ಟು ಗೋಜಲಾದದ್ದು ಹೇಗೆ?

ಹಂಪಿಯ ವಿಠ್ಠಲ ಗುಡಿ ದಾಟಿ ತಳವಾರಘಟ್ಟಕ್ಕೆ ಹೋದರೆ ತುಂಗಭದ್ರಾ ಹೊಳೆಯಾಚೆ ಆನೆಗೊಂದಿ. ಆದರೂ ಗಾಡಿಯಲ್ಲಿ ಹೋಗಬೇಕಂದ್ರೆ ಬಹಳ ಕಾಲ ಊರೂರು ಸುತ್ತಿಯೇ ಹೋಗಬೇಕಿತ್ತು. ಇಲ್ಲಿಗೊಂದು ಸೇತುವೆ ಬರಬೇಕಿತ್ತಲ್ಲ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ವಿಜಯನಗರಕ್ಕಿಂತ ಹಳೆಯ ಊರು ಆನೆಗೊಂದಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂಥ ಹರಿಗೋಲಿನಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರು, ಕುದುರೆ ಎತ್ತುಗಳೂ ದಾಟುತ್ತಿದ್ದವು ಅಂತ ಬರೆದ. ಆ ಕಾಲದ ಕಲ್ಲುಸೇತುವೆಯ ಕಂಬಗಳು ಹೊಳೆಯಲ್ಲಿ ಇನ್ನೂ ಇವೆ. 1565ರ ನಂತರ ರಾಜಧಾನಿ ಹಾಳಾಯಿತು. ಮುಂದೆ ಹೊಳೆಯೇ ಗಡಿಯಾಯಿತು: ಈಚೆ ಮದ್ರಾಸ್, ಆಚೆ ನಿಜಾಮರ ಹೈದರಾಬಾದ್. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಬಂದರೂ ದಾಟಲು ಹರಿಗೋಲೇ ಗತಿ.

1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಗೋಜಲು ಶುರುವಾದದ್ದು 90ರ ದಶಕದಲ್ಲಿ, ತಳವಾರಘಟ್ಟದ ಬಳಿ ಸೇತುವೆ ಕೆಲಸ ಹಿಡಿದಾಗ. ಭತ್ತದ ಸೀಮೆ ಗಂಗಾವತಿ ಕಡೆಯವರಿಗೆ ಹೊಸಪೇಟೆ ಹತ್ತಿರವಾಗುತ್ತಿತ್ತು. ಆದರೆ ಲಾರಿಗಳೆಲ್ಲ ಹಳೇ ಕಲ್ಲುಬಾಗಿಲ ಕೆಳಗೆ, ಸ್ಮಾರಕಗಳ ಮಧ್ಯೆಯೇ ಹಾಯಬೇಕು. ಈ ಆತಂಕಕ್ಕೇ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು. ಸಭೆಗಳು ನಡೆದವು, ಭಾರಿ ವಾಹನ ಬಿಡುವುದು ಬೇಡ ಅಂತ ಮಾತಾಯಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಅರ್ಧಕ್ಕೆ ನಿಂತ ಸೇತುವೆ ಕೆಲಸ ಮತ್ತೆ ಶುರುವಾಯಿತು. ಮುಗಿಯುವ ಮೊದಲೇ, 2009ರ ಜನವರಿಯಲ್ಲಿ, ಕುಸಿದು ಹೊಳೆಗೆ ಬಿತ್ತು. ಕೂಲಿ ಕಾರ್ಮಿಕರು ಸತ್ತರು. ಇಷ್ಟು ವರ್ಷದ ಚರ್ಚೆಯಲ್ಲಿ ಕಲ್ಲಿಗೆ ಏನಾದೀತು ಅಂತ ಕೇಳಿದವರು ಬಹಳ. ದಿನಾ ಹೊಳೆ ದಾಟುವವರನ್ನು ಯಾರಾದರೂ ಕೂರಿಸಿ ಕೇಳಿದ್ದರೆ ಅದರ ಸುದ್ದಿ ಕಮ್ಮಿ.

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳು ನೆಲಸಮವಾದವು. ಅದು ಬೇರೆ ತಕರಾರು. ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ, ಗೋಜಲಿಗೆ ಅದೂ ಒಂದು ಕಾರಣ.

ಆಚೆ ದಡದ ಕಡೆಬಾಗಿಲು, ಈಚೆ ದಡದ ಬುಕ್ಕಸಾಗರ ಊರುಗಳ ನಡುವೆ ಆಮೇಲೆ ಒಂದು ಸೇತುವೆ ಬಂತು. ಗುಡಿಗಳಿಂದ ದೂರ, ಗಾಡಿಗಳಿಗೂ ಸಲೀಸು. ಈ ಜಾಗ ಮೊದಲೇ ಯಾರಿಗಾದರೂ ಹೊಳೆಯಬಹುದಿತ್ತು, ಅಲ್ವಾ? ತಳವಾರಘಟ್ಟದಲ್ಲಿ ಮಾತ್ರ ದೋಣಿಯೇ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟ ದಿನ ಅದೂ ಬಂದ್.