ಎತ್ತರ ಒಂದೇ, ತೂಕ ಬೇರೆ: ಅವರ ಹಳೆಯ ರೇಸ್ ಸ್ಕೀ ನನಗೆ ಆಗುತ್ತದಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಪುಣೆಯ ಹಿಂಜವಡಿಯಲ್ಲಿ ಕೆಲಸ, ಮನೆ ವಾಕಡ್‌ನಲ್ಲಿ. ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಫಿನ್ಲೆಂಡಿಗೆ ಹೋಗುತ್ತಿದ್ದೇನೆ. ನಮ್ಮ ಸೊಸೈಟಿಯಲ್ಲಿ ಕನ್ನಡದವರೇ ಒಬ್ಬರಿದ್ದಾರೆ, ಅಲ್ಲಿ ಆರು ವರ್ಷ ಇದ್ದು ಬಂದವರು. ತಮ್ಮ ಕ್ರಾಸ್ ಕಂಟ್ರಿ ರೇಸ್ ಸ್ಕೀ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ. ಇಬ್ಬರ ಎತ್ತರವೂ 176 ಸೆಂ.ಮೀ. ಆದರೆ ಅವರು 86 ಕೆ.ಜಿ., ನಾನು 67. ಉದ್ದ ಸರಿಯಿದೆ ಅಂದ ಮೇಲೆ ತಗೊಳ್ಳಬಹುದಲ್ವಾ?

ಉತ್ತರ: ಉತ್ತರದ ದೇಶಗಳಿಗೆ ಹೊರಟವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಎಲ್ಲರೂ ಉದ್ದದಿಂದಲೇ ಶುರು ಮಾಡುತ್ತಾರೆ. ಅದು ಸಹಜ, ಕಣ್ಣಿಗೆ ಕಾಣುವುದು ಉದ್ದ ತಾನೇ? ಆದರೆ ಸ್ಕೀಯ ನಿಜವಾದ ಅಳತೆ ಅದರ ಬಿಗಿತ. ನಿಮಗೂ ಅವರಿಗೂ ನಡುವೆ 19 ಕೆ.ಜಿ. ವ್ಯತ್ಯಾಸ ಇದೆ. ಅದು ಕ್ಲಾಸಿಕ್ ಸ್ಕೀ, ಅಂದರೆ ನಡೆದ ಹಾಗೆ ಕಾಲನ್ನು ನೇರ ಮುಂದಕ್ಕೆ ಜಾರಿಸುವ ಬಗೆಯದು ಆಗಿದ್ದರೆ ನಿಮಗೆ ಆಗುವ ಸಾಧ್ಯತೆ ತುಂಬಾ ಕಡಿಮೆ. ಹಾಗಂತ ನೋಡದೆಯೇ ಬೇಡ ಅನ್ನಬೇಡಿ. ಒಂದು ಚೂರು ಕಾಗದ, ಹಿಡಿಯಲು ಒಬ್ಬ ಸ್ನೇಹಿತ, ಹತ್ತು ನಿಮಿಷ ಇದ್ದರೆ ವಾಕಡ್‌ನ ನಿಮ್ಮ ಹಾಲ್‌ನಲ್ಲೇ ಗೊತ್ತಾಗುತ್ತದೆ.

ಚಾಕಣ ರಸ್ತೆಯಲ್ಲಿ ಹೋಗುವ ಲಾರಿಯ ಹಿಂದಿನ ಚಕ್ರದ ಮೇಲೆ ಉಕ್ಕಿನ ಕಮಾನ್ ಪಟ್ಟಿ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಲಾರಿ ಖಾಲಿ ಇದ್ದಾಗ ಪಟ್ಟಿ ಬಿಲ್ಲಿನ ಹಾಗೆ ಬಾಗಿರುತ್ತದೆ. ಲೋಡ್ ಬಿದ್ದರೆ ನೆಟ್ಟಗಾಗುತ್ತದೆ. ಕ್ಲಾಸಿಕ್ ಸ್ಕೀ ಕೂಡ ಅಂಥದ್ದೇ ಒಂದು ಕಮಾನು. ನೆಲದ ಮೇಲೆ ಇಟ್ಟರೆ ಮುಂದಿನ ತುದಿ, ಹಿಂದಿನ ತುದಿ ನೆಲಕ್ಕೆ ತಾಗುತ್ತವೆ, ನಡುಭಾಗ ಮೇಲೆ ಇರುತ್ತದೆ. ಆ ಬಾಗಿಗೆ ಕ್ಯಾಂಬರ್ ಅಂತಾರೆ. ಪಾದದ ಕೆಳಗಿನ ಆ ನಡುಭಾಗಕ್ಕೆ ಹಿಡಿತದ ಮೇಣ, ಅಂದರೆ ಕಿಕ್ ವ್ಯಾಕ್ಸ್ ಹಚ್ಚುತ್ತಾರೆ. ತುದಿಗಳಿಗೆ ಜಾರುವ ಮೇಣ.

ಕ್ಲಾಸಿಕ್ ಸ್ಕೀಯ ಗುಟ್ಟೆಲ್ಲ ಇಲ್ಲಿದೆ. ಎರಡೂ ಕಾಲಿನ ಮೇಲೆ ನಿಂತು ಜಾರುವಾಗ ಒಂದೊಂದು ಸ್ಕೀ ಮೇಲೆ ನಿಮ್ಮ ಅರ್ಧ ತೂಕ ಬೀಳುತ್ತದೆ. ಆಗ ನಡುಭಾಗ ಹಿಮಕ್ಕೆ ತಾಗಬಾರದು, ತಾಗಿದರೆ ಹಿಡಿತದ ಮೇಣ ನಿಮ್ಮನ್ನು ಎಳೆದು ನಿಲ್ಲಿಸುತ್ತದೆ. ಮುಂದಕ್ಕೆ ನೂಕಲು ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒತ್ತುತ್ತೀರಿ. ಆಗ ಕಮಾನು ಪೂರ್ತಿ ಚಪ್ಪಟೆಯಾಗಬೇಕು, ಮೇಣ ಹಿಮವನ್ನು ಕಚ್ಚಬೇಕು. ಅರ್ಧ ತೂಕಕ್ಕೆ ತೆರೆದೇ ಇರಬೇಕು, ಪೂರ್ತಿ ತೂಕಕ್ಕೆ ಮುಚ್ಚಬೇಕು. 86 ಕೆ.ಜಿ.ಯ ಮನುಷ್ಯನಿಗೆ ಅಂತ ಆರಿಸಿದ ಕಮಾನು 67 ಕೆ.ಜಿ.ಗೆ ಮುಚ್ಚುವುದೇ ಇಲ್ಲ. ಮೇಣ ಗಾಳಿಯಲ್ಲೇ ಉಳಿಯುತ್ತದೆ, ನೀವು ಏರಿನಲ್ಲಿ ಹಿಂದಕ್ಕೆ ಜಾರುತ್ತೀರಿ.

ಇದನ್ನು ನಾನು ಅನುಭವಿಸಿ ಕಲಿತದ್ದು. ಫಿನ್ಲೆಂಡಿನ ತಾಂಪೆರೆಯಲ್ಲಿ ಇದ್ದಾಗ ಮೊದಲ ಚಳಿಗಾಲಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಜೋಡಿ ತಗೊಂಡೆ. ಮಾರಿದವರು ನನ್ನ ಎತ್ತರ ಕೇಳಿದರು, ತೂಕ ಕೇಳಲಿಲ್ಲ. ನಾನು 71 ಕೆ.ಜಿ. ಇದ್ದೆ. ಕೌಪ್ಪಿ ಕಾಡಿನ ದೀಪ ಹಾಕಿದ ಟ್ರ್ಯಾಕ್‌ನಲ್ಲಿ ಸಂಜೆ ಸಂಜೆ ಹೋಗುತ್ತಿದ್ದೆ. ಸಣ್ಣ ಏರಿನಲ್ಲೂ ಕಾಲು ಹಿಂದಕ್ಕೆ ಜಾರುತ್ತಿತ್ತು. ಕಾಲಿನ ಕೆಲಸವನ್ನೆಲ್ಲ ತೋಳು ಮಾಡಬೇಕಾಯಿತು, ಭುಜದ ನೋವು ಎರಡು ವಾರ ಬಿಡಲಿಲ್ಲ. ನನಗೆ ಸ್ಕೀ ಬರುವುದೇ ಇಲ್ಲ ಅಂದುಕೊಂಡು ಜನವರಿ ಪೂರ್ತಿ ಕಳೆದೆ. ಒಂದು ದಿನ ಟ್ರ್ಯಾಕ್ ಪಕ್ಕದ ಕೋಣೆಯಲ್ಲಿ ವಯಸ್ಸಾದವರೊಬ್ಬರು ನನ್ನ ಸ್ಕೀಯನ್ನು ನೆಲದ ಮೇಲೆ ಹಾಕಿದರು, ಮೇಲೆ ನಿಲ್ಲು ಅಂದರು. ಜೇಬಿನಿಂದ ಅಂಗಡಿಯ ರಸೀದಿ ತೆಗೆದು ಸ್ಕೀಯ ಅಡಿಗೆ ತೂರಿಸಿದರು. ನಾನು ಒಂದೇ ಕಾಲಿನ ಮೇಲೆ ನಿಂತಿದ್ದರೂ ರಸೀದಿ ಆರಾಮಾಗಿ ಓಡಾಡುತ್ತಿತ್ತು. ಅವರು ಏನೂ ಹೇಳಲಿಲ್ಲ, ರಸೀದಿಯನ್ನು ನನ್ನ ಕೈಗೆ ಕೊಟ್ಟರು. ಒಂದು ತಿಂಗಳು ನನ್ನನ್ನೇ ಬೈದುಕೊಂಡಿದ್ದು ಸ್ಕೀಯ ಬಿಗಿತಕ್ಕಾಗಿ ಅಂತ ಆಗ ಗೊತ್ತಾಯಿತು. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದು ಆ ಜನವರಿಯ ಕಾರಣಕ್ಕೇ.

ಈಗ ಪರೀಕ್ಷೆಗೆ ಬರೋಣ. ನೆಲ ಸಮ ಇರಬೇಕು. ಸ್ಕೀ ಸುಮಾರು ಎರಡು ಮೀಟರ್ ಉದ್ದ, ಅಷ್ಟರಲ್ಲಿ ನಮ್ಮ ಫ್ಲ್ಯಾಟುಗಳ ಟೈಲ್ಸ್ ಮೂರ್ನಾಲ್ಕು ಜೋಡಣೆ ದಾಟುತ್ತದೆ. ಒಂದು ಟೈಲ್ ಕೂದಲೆಳೆಯಷ್ಟು ಎದ್ದಿದ್ದರೂ ಫಲಿತಾಂಶ ತಪ್ಪಾಗುತ್ತದೆ. ಎಲ್ಲಾದರೂ ಹೊಸ ಫ್ಲಶ್ ಡೋರ್ ಸಿಕ್ಕರೆ ಅದನ್ನು ನೆಲಕ್ಕೆ ಹಾಸಿ ಅದರ ಮೇಲೆ ಮಾಡಿ. ಇಲ್ಲವಾದರೆ ಜಾಗ ಬದಲಿಸಿ ಎರಡು ಮೂರು ಸಲ ನೋಡಿ.

ಸ್ಕೀಯ ಅಡಿಯಲ್ಲಿ ಹಳೆಯ ಮೇಣ ಇದ್ದರೆ ಮೊದಲು ಒರೆಸಿ ತೆಗೆಯಿರಿ. ಬೂಟು ಇಲ್ಲದಿದ್ದರೆ ಕಾಲುಚೀಲದಲ್ಲೇ ನಿಲ್ಲಿ, ಕಾಲ್ಬೆರಳಿನ ತುದಿ, ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ ಅಂದರೆ ಬೈಂಡಿಂಗ್‌ನಲ್ಲಿ ಬೂಟಿನ ಸರಳು ಸಿಕ್ಕಿಕೊಳ್ಳುವ ಗೆರೆಗೆ ಬರಲಿ. ಎರಡೂ ಸ್ಕೀ ಮೇಲೆ ಸಮವಾಗಿ ಭಾರ ಹಾಕಿ. ಸ್ನೇಹಿತರು ಕಾಗದದ ಪಟ್ಟಿಯನ್ನು ಅಡಿಗೆ ತೂರಿಸಿ ಹಿಂದೆ ಮುಂದೆ ಎಳೆಯಲಿ. ಹಿಮ್ಮಡಿಯ ಆಸುಪಾಸಿನಿಂದ ಬೆರಳ ತುದಿಗಿಂತ ಒಂದು ಅಡಿ ಮುಂದಿನ ತನಕ ಕಾಗದ ಸಲೀಸಾಗಿ ಓಡಬೇಕು. ಆಮೇಲೆ ಒಂದು ಕಾಲು ಎತ್ತಿ, ಪೂರ್ತಿ ಭಾರವನ್ನು ಇನ್ನೊಂದು ಪಾದದ ಮುಂಭಾಗಕ್ಕೆ ತನ್ನಿ. ಕಾಗದ ಅಲ್ಲೇ ಸಿಕ್ಕಿಕೊಳ್ಳಬೇಕು. ಎಳೆದರೆ ಬರುತ್ತಿದೆ ಅಂದರೆ ಸ್ಕೀ ನಿಮಗೆ ಬಿಗಿ. ಎರಡೂ ಕಾಲಿನ ಮೇಲೆ ನಿಂತಾಗಲೇ ಕಾಗದ ಸಿಕ್ಕಿಕೊಂಡರೆ ಮೆತ್ತಗೆ. ಇದನ್ನು ಎರಡೂ ಸ್ಕೀಗೆ ಬೇರೆ ಬೇರೆಯಾಗಿ ಮಾಡಿ, ಒಂದೇ ರೀತಿ ಬರಬೇಕು.

ಭೋಸರಿಯಲ್ಲಿ ವರ್ಕ್‌ಶಾಪ್ ಇರುವ ಪರಿಚಯದವರು ಇದ್ದರೆ ಅವರ ಫೀಲರ್ ಗೇಜ್ ಕೇಳಿ ತನ್ನಿ. ಸ್ಪಾರ್ಕ್ ಪ್ಲಗ್ ಸಂದು ನೋಡಲು ಬಳಸುವ ಅದೇ ತೆಳು ಲೋಹದ ಎಲೆಗಳು. ಫಿನ್ಲೆಂಡಿನ ಸ್ಕೀ ಅಂಗಡಿಯವರೂ ಇದೇ ಎಲೆಗಳನ್ನು ಬಳಸುತ್ತಾರೆ. 0.1 ಮತ್ತು 0.2 ಮಿ.ಮೀ. ಎಲೆ ಕಾಗದಕ್ಕಿಂತ ನಿಖರ.

ಕೆಲವು ಸ್ಕೀಗಳ ಮೇಲೆ ಬಿಗಿತವನ್ನು ಬರೆದೇ ಇರುತ್ತಾರೆ. ಸಾಮಾನ್ಯ ಸ್ಕೀ ಆದರೆ "70–85 ಕೆ.ಜಿ." ಅನ್ನುವ ಥರದ ಸ್ಟಿಕ್ಕರ್ ಇರುತ್ತದೆ. ಫಿಶರ್ ಕಂಪನಿಯ ರೇಸ್ ಸ್ಕೀಯ ಪಕ್ಕದ ಅಂಚಿನಲ್ಲಿ ಸೀರಿಯಲ್ ನಂಬರ್ ಜೊತೆ ಎಫ್‌ಎ ಅಂಕೆ ಇರುತ್ತದೆ. ಪಾದದ ಕೆಳಗಿನ ಸಂದು 0.2 ಮಿ.ಮೀ.ಗೆ ಇಳಿಯಲು ಎಷ್ಟು ಕೆ.ಜಿ. ಒತ್ತಬೇಕು ಅನ್ನುವ ಲೆಕ್ಕ ಅದು. ಕ್ಲಾಸಿಕ್ ಆದರೆ ಈ ಅಂಕೆ ನಿಮ್ಮ ತೂಕದ ಆಸುಪಾಸಿನಲ್ಲಿ ಇರಲಿ. 90ರ ಹತ್ತಿರ ಇದ್ದರೆ ಪರೀಕ್ಷೆಯೂ ಬೇಡ, ನಮಸ್ಕಾರ ಹೇಳಿ ಬನ್ನಿ. ಬೇರೆ ಕಂಪನಿಗಳ ಲೆಕ್ಕದ ರೀತಿ ಬೇರೆ, ಆದ್ದರಿಂದ ಒಂದರ ಅಂಕೆಯನ್ನು ಇನ್ನೊಂದಕ್ಕೆ ಹೋಲಿಸಬೇಡಿ. ಹಳೆಯ ಸ್ಕೀ ಬಳಸಿ ಬಳಸಿ ಸ್ವಲ್ಪ ಸಡಿಲವೂ ಆಗಿರಬಹುದು. ಬರೆದ ಅಂಕೆಗಿಂತ ನಾನು ಕಾಗದವನ್ನೇ ಜಾಸ್ತಿ ನಂಬುತ್ತೇನೆ.

ರೇಸ್ ಸ್ಕೀ ವಿಷಯದಲ್ಲಿ ಇನ್ನೊಂದು ಮಾತು ಇದೆ, ಇದನ್ನು ಮಾರುವವರು ಹೇಳುವುದು ಕಡಿಮೆ. ರೇಸ್ ಓಡುವವರ ಒದೆತ ಗಟ್ಟಿ. ಅವರು ಕಾಲನ್ನು ಸುಮ್ನೆ ಇಡುವುದಿಲ್ಲ, ಸರಿಯಾದ ಕ್ಷಣಕ್ಕೆ ಚಿಮ್ಮಿ ಒತ್ತುತ್ತಾರೆ. ಹಾಗಾಗಿ ತಮ್ಮ ತೂಕಕ್ಕೆ ಸ್ವಲ್ಪ ಬಿಗಿ ಅನ್ನಿಸುವ ಸ್ಕೀಯನ್ನೂ ಮುಚ್ಚಿಸಬಲ್ಲರು. ಕಲಿಯುವವರಿಗೆ ಅದು ಆಗದು. ಅಂದರೆ ಅಷ್ಟೇ ತೂಕದ ಓಟಗಾರನ ಸ್ಕೀ ಕೂಡ ನಿಮಗೆ ಬಿಗಿಯಾಗಬಹುದು. ಜೊತೆಗೆ ಅವರ ಹತ್ತಿರ ಹಲವು ಜೋಡಿ ಇರುತ್ತವೆ, ಒಣ ಚಳಿಗೆ ಒಂದು, ಒದ್ದೆ ಹಿಮಕ್ಕೆ ಒಂದು. ಒದ್ದೆ ಹಿಮಕ್ಕೆ ಕ್ಲಿಸ್ಟರ್ ಅನ್ನುವ ಅಂಟು ದಪ್ಪಗೆ ಹಚ್ಚುವುದರಿಂದ ಆ ಜೋಡಿಯ ಕಮಾನು ಇನ್ನೂ ಎತ್ತರ. "ಇದು ಯಾವ ಹಿಮಕ್ಕೆ ಇಟ್ಟಿದ್ದ ಜೋಡಿ?" ಅಂತ ಕೇಳಲು ಸಂಕೋಚ ಬೇಡ. ಎರಡು ಜೋಡಿಯ ನಡುವೆ ಅನುಮಾನ ಬಂದರೆ ಮೊದಲ ವರ್ಷಕ್ಕೆ ಮೆತ್ತಗಿನದನ್ನೇ ಆರಿಸಿ. ಮೆತ್ತಗಿನದು ಇಳಿಜಾರಿನಲ್ಲಿ ಸ್ವಲ್ಪ ನಿಧಾನ ಆಗಬಹುದು, ಆದರೆ ಏರು ಹತ್ತಿಸುತ್ತದೆ, ಒದೆಯುವುದನ್ನು ಕಲಿಸುತ್ತದೆ.

ನಿಮ್ಮ ಸೊಸೈಟಿಯವರದು ಸ್ಕೇಟಿಂಗ್ ಸ್ಕೀ ಆಗಿದ್ದರೆ ಲೆಕ್ಕ ಬೇರೆ. ಅದರಲ್ಲಿ ಹಿಡಿತದ ಮೇಣವೇ ಇಲ್ಲ, ಪಕ್ಕಕ್ಕೆ ಒತ್ತಿ ಹೋಗುವುದು. ಒಂದೇ ಕಾಲಿನ ಮೇಲೆ ನಿಂತರೂ ಪಾದದ ಕೆಳಗೆ ಚಿಕ್ಕ ಸಂದು ಉಳಿಯಬೇಕು, ಕಾಗದ ಸ್ವಲ್ಪ ದೂರ ಓಡಬೇಕು. ಎಫ್‌ಎ ಅಂಕೆ ತೂಕಕ್ಕಿಂತ ಸಾಕಷ್ಟು ಜಾಸ್ತಿಯೇ ಇರುತ್ತದೆ. ಹಾಗಿದ್ದರೂ 19 ಕೆ.ಜಿ. ಅಂತರ ದೊಡ್ಡದು. ಅತಿ ಬಿಗಿಯಾದ ಸ್ಕೇಟಿಂಗ್ ಸ್ಕೀ ತುದಿಗಳ ಮೇಲೆ ಮಾತ್ರ ಓಡುತ್ತದೆ, ಮೆದು ಹಿಮದಲ್ಲಿ ತುದಿ ಅಗೆಯುತ್ತದೆ. ಯಾವುದು ಕ್ಲಾಸಿಕ್, ಯಾವುದು ಸ್ಕೇಟಿಂಗ್ ಅಂತ ಉದ್ದ ನೋಡಿ ಊಹಿಸಬಹುದು. ನಿಮ್ಮ ಎತ್ತರಕ್ಕೆ ಕ್ಲಾಸಿಕ್ 197–202 ಸೆಂ.ಮೀ. ಇರುತ್ತದೆ, ಸ್ಕೇಟಿಂಗ್ 185ರ ಆಸುಪಾಸು.

ಬಿಗಿತ ಸರಿ ಬಂದರೆ ಮಾತ್ರ ಉಳಿದದ್ದನ್ನು ನೋಡಿ. ಎರಡನ್ನೂ ತಳಕ್ಕೆ ತಳ ಸೇರಿಸಿ ಕೈಯಿಂದ ಒತ್ತಿ, ಸಂದು ಎರಡೂ ಬದಿಯಲ್ಲಿ ಸಮನಾಗಿ ಮುಚ್ಚಬೇಕು, ತಿರುಚಿರಬಾರದು. ತುದಿಗಳಲ್ಲಿ ಪದರ ಬಿಟ್ಟಿದೆಯಾ, ಅಂಚಿನಲ್ಲಿ ಬಿರುಕಿದೆಯಾ, ಹಳೆಯ ಸ್ಕ್ರೂ ತೂತುಗಳಿವೆಯಾ ನೋಡಿ. ನಡುವೆ ಬಿಗಿಯಾಗಿ ಕಟ್ಟಿ ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟಿದ್ದರೆ ಕಮಾನು ಸತ್ತಿರಬಹುದು. ತಳ ಬೆಳ್ಳಗೆ ಒಣಗಿದ್ದರೆ ಭಯ ಬೇಡ, ಬಿಸಿ ಮೇಣ ಕುಡಿಸಿದರೆ ಸರಿಹೋಗುತ್ತದೆ. ರೇಸ್ ಸ್ಕೀಗೆ ಹಿಂದೆ ಫ್ಲೋರಿನ್ ಸೇರಿದ ಫ್ಲೋರೋ ಮೇಣ ಹಚ್ಚುತ್ತಿದ್ದರು. 2023–24ರ ಸೀಸನ್‌ನಿಂದ ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ ಎಫ್‌ಐಎಸ್ ತನ್ನ ರೇಸ್‌ಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದೆ. ನೀವು ಮುಂದೆ ರೇಸ್‌ಗೆ ಇಳಿಯುವುದಾದರೆ ತಳವನ್ನು ಚೆನ್ನಾಗಿ ತೊಳೆಸಿ.

ಬೈಂಡಿಂಗ್ ಕೂಡ ನೋಡಿ. ಸಾಲೊಮನ್‌ನ ಹಳೆಯ ಎಸ್‌ಎನ್‌ಎಸ್ ಬೈಂಡಿಂಗ್ ಆಗಿದ್ದರೆ ಅದಕ್ಕೆ ಹೊಂದುವ ಹೊಸ ಬೂಟು ಸಿಗುವುದು ಕಷ್ಟ. ಎನ್‌ಎನ್‌ಎನ್ ಅಥವಾ ಅದಕ್ಕೆ ಹೊಂದುವ ಪ್ರೊಲಿಂಕ್, ಟರ್ನಾಮಿಕ್ ಆದರೆ ತೊಂದರೆ ಇಲ್ಲ.

ಪತ್ರದ ಕೊನೆಯಲ್ಲಿ ನೀವು ಕೇಳಿದ್ದೀರಿ, ಅಲ್ಲಿಯವರೆಗೆ ಚಕ್ರ ಹಾಕಿದ ರೋಲರ್ ಸ್ಕೀ ಮೇಲೆ ಅಭ್ಯಾಸ ಮಾಡಲಾ ಅಂತ. ಖಂಡಿತ ಮಾಡಿ, ಬೆಳಗಿನ ಜಾವ ವಾಹನ ಇಲ್ಲದ ರಸ್ತೆ ನೋಡಿಕೊಂಡು. ಹಿಮ ಬೀಳದ ನಾಡಿನವರಿಗೆ ಇದು ಆಗದ ಆಟವೇನಲ್ಲ. ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗ್‌ನ ಕ್ರಾಸ್ ಕಂಟ್ರಿ ಸ್ಪರ್ಧೆಗಳಲ್ಲಿ ಪದಕ ಗೆದ್ದವರು, ಅದನ್ನು ಓದಿದಾಗಲೆಲ್ಲ ನನಗೆ ಖುಷಿ. ಒಂದು ವಿಷಯ ಮಾತ್ರ ನೆನಪಿರಲಿ. ರೋಲರ್ ಸ್ಕೀಗೆ ಕಮಾನು ಇಲ್ಲ. ಕ್ಲಾಸಿಕ್ ರೋಲರ್ ಸ್ಕೀಯಲ್ಲಿ ಹಿಂದಕ್ಕೆ ತಿರುಗದ ಚಕ್ರ ಇರುತ್ತದೆ, ನೀವು ಹೇಗೆ ಒದ್ದರೂ ಹಿಡಿಯುತ್ತದೆ. ಹಿಮದ ಮೇಲೆ ಮೊದಲ ವಾರ ಜಾರಿದರೆ ಗಾಬರಿಯಾಗಬೇಡಿ. ಕಾಗದ ಸರಿ ಹೇಳಿದ್ದರೆ ಕಾಲು ಕಲಿಯುತ್ತದೆ.

ತೂಕ ನೋಡುವಾಗ ಬೆಳಿಗ್ಗೆ ಬನಿಯನ್ನಿನಲ್ಲಿ ನೋಡಬೇಡಿ. ಬೂಟು, ಚಳಿಯ ಬಟ್ಟೆ, ನೀರಿನ ಬೆಲ್ಟ್ ಸೇರಿಸಿ ನೋಡಿ. ನಾರ್ವೆಯ ಬಿರ್ಕೆಬೈನರ್ ಓಟದ ಆಸೆ ಇದೆ ಅಂದಿದ್ದೀರಲ್ಲ, ರೆನಾದಿಂದ ಲಿಲ್ಲೆಹಾಮರ್‌ಗೆ 54 ಕಿ.ಮೀ. 1206ರಲ್ಲಿ ಇಬ್ಬರು ಯೋಧರು ಪುಟ್ಟ ರಾಜಕುಮಾರ ಹೋಕನ್‌ನನ್ನು ಹೊತ್ತು ಬೆಟ್ಟ ದಾಟಿದ ನೆನಪಿಗೆ ಅಲ್ಲಿ ಎಲ್ಲರೂ ಕನಿಷ್ಠ 3.5 ಕೆ.ಜಿ. ಚೀಲ ಬೆನ್ನಿಗೆ ಹಾಕಿಕೊಂಡೇ ಓಡಬೇಕು. ಎಲ್ಲ ಸೇರಿದರೂ ನೀವು ಅವರ 86ರ ಹತ್ತಿರ ಹೋಗುವುದಿಲ್ಲ.

ಈ ಭಾನುವಾರ ಸಿಂಹಗಡ ಹತ್ತಿ ಬಂದ ಮೇಲೆ ಅವರ ಮನೆಗೆ ಹೋಗಿ. ನೀವು ನಿಂತು ಕಾಗದ ನೋಡಿ, ಆಮೇಲೆ ಅದೇ ಸ್ಕೀ ಮೇಲೆ ಅವರನ್ನೂ ನಿಲ್ಲಿಸಿ ನೋಡಿ. ವ್ಯತ್ಯಾಸವನ್ನು ಇಬ್ಬರೂ ಕಣ್ಣಾರೆ ಕಂಡರೆ ಬೇಡ ಅನ್ನುವುದಕ್ಕೆ ಮುಜುಗರವೂ ಇರುವುದಿಲ್ಲ. ಆ ದುಡ್ಡನ್ನು ತಾಂಪೆರೆಗೋ ನೀವಿರುವ ಊರಿಗೋ ಉಳಿಸಿಕೊಳ್ಳಿ. ಅಲ್ಲಿ ಟೋರಿ ಜಾಲತಾಣದಲ್ಲಿ ಚಳಿಗಾಲದುದ್ದಕ್ಕೂ ಹಳೆಯ ಸ್ಕೀಗಳು ಬರುತ್ತಲೇ ಇರುತ್ತವೆ. ಮಾರುವವರಿಗೆ ಬರೆಯುವಾಗ ಮೊದಲ ಸಾಲಿನಲ್ಲೇ ನಿಮ್ಮ ತೂಕ ಬರೆಯಿರಿ, ಅವರ ತೂಕ ಕೇಳಿ. ಹೋಗುವಾಗ ಜೇಬಿನಲ್ಲಿ ಒಂದು ರಸೀದಿ ಇರಲಿ.