‘ಸೆಂಟ್’ ಎಂದ ಮೇಲೂ ಮೇಲ್ ತಲುಪಲಿಲ್ಲವೇಕೆ?

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಸರ್ವರಿನಲ್ಲಿ ಮೇಲ್ ಕಳಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ಇದೆ. ಗ್ರಾಹಕರಿಗೆ ಕಳಿಸಿದ ಮೇಲ್‌ನ ಮುಂದೆ ಅದರ ಲಾಗ್‌ನಲ್ಲಿ (ಕೆಲಸದ ದಾಖಲೆಯಲ್ಲಿ) ‘ಸ್ಟೇಟಸ್=ಸೆಂಟ್’ ಎಂದು ಸ್ಪಷ್ಟವಾಗಿ ದಾಖಲಾಗಿದೆ. ಅವರು ಮಾತ್ರ ಬಂದೇ ಇಲ್ಲ ಎನ್ನುತ್ತಾರೆ. ಪೋಸ್ಟ್‌ಫಿಕ್ಸ್ ಬಿಟ್ಟು ಅಂಥದ್ದೇ ಇನ್ನೊಂದು ತಂತ್ರಾಂಶವಾದ ಎಕ್ಸಿಮ್ ಹಾಕಿಕೊಳ್ಳುವುದು ಒಳ್ಳೆಯದೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಸರ್ವರು, ಊರು, ಗ್ರಾಹಕರು ಬದಲಾಗುತ್ತಾರೆ. ಪ್ರಶ್ನೆಯ ಬುಡದಲ್ಲಿರುವ ತಪ್ಪು ತಿಳಿವಳಿಕೆ ಮಾತ್ರ ಬದಲಾಗುವುದಿಲ್ಲ. ‘ಸೆಂಟ್’ ಎಂದರೆ ಮೇಲ್ ಎದುರಿನವರ ಇನ್‌ಬಾಕ್ಸ್ ಸೇರಿತು ಎಂದೇ ಎಲ್ಲರೂ ನಂಬಿದ್ದಾರೆ. ಆ ಪದಕ್ಕೆ ಅಷ್ಟು ದೊಡ್ಡ ಅರ್ಥವಿಲ್ಲ.

ದಯವಿಟ್ಟು ಲಾಗ್‌ನ ಆ ಸಾಲನ್ನು ಕೊನೆಯವರೆಗೆ ಓದಿ. ‘ಸೆಂಟ್’ ಆದ ಮೇಲೆ ಆವರಣದೊಳಗೆ 250 ಎಂಬ ಸಂಖ್ಯೆ, ‘ಓಕೆ’ ಎಂಬ ಪದ, ಸಾಮಾನ್ಯವಾಗಿ ‘ಕ್ಯೂಡ್ ಆ್ಯಸ್’ (ಸರದಿಯಲ್ಲಿಟ್ಟ ಸಂಖ್ಯೆ) ಎಂದು ಒಂದು ಗುರುತು ಸಂಖ್ಯೆ ಇರುತ್ತದೆ. ಅದು ಎದುರಿನ ಸರ್ವರು ಆಡಿದ ಮಾತು. ಪೋಸ್ಟ್‌ಫಿಕ್ಸ್ ಅದನ್ನು ಇದ್ದದ್ದು ಇದ್ದ ಹಾಗೆ ಬರೆದಿಟ್ಟಿದೆ. ‘ಈ ಪತ್ರವನ್ನು ನಾನು ವಹಿಸಿಕೊಂಡಿದ್ದೇನೆ, ಇನ್ನು ಮುಂದಿನ ಹೊಣೆ ನನ್ನದು’ ಎಂಬುದಷ್ಟೇ ಅದರ ಅರ್ಥ. ವಹಿಸಿಕೊಂಡವರು ಆ ಪತ್ರವನ್ನು ಸ್ಪ್ಯಾಮ್ ಫೋಲ್ಡರಿಗೆ ಹಾಕಬಹುದು, ತಪಾಸಣೆಗೆಂದು ತಡೆಹಿಡಿಯಬಹುದು, ಬೇರೊಂದು ವಿಳಾಸಕ್ಕೆ ದಾಟಿಸಬಹುದು, ಗ್ರಾಹಕರೇ ಹಿಂದೆಂದೋ ಮಾಡಿಟ್ಟು ಮರೆತ ಫಿಲ್ಟರ್‌ನಿಂದಾಗಿ ಅಳಿಸಿಯೂ ಬಿಡಬಹುದು. ಇದ್ಯಾವುದೂ ನಿಮ್ಮ ಸರ್ವರಿಗೆ ಕಾಣುವುದಿಲ್ಲ.

ಅದೇ ಸಾಲಿನಲ್ಲಿ ‘ರಿಲೇ’ ಎಂಬ ಭಾಗವನ್ನೂ ನೋಡಿ. ಅಲ್ಲಿ 127.0.0.1 (ಯಂತ್ರವು ತನ್ನನ್ನು ತಾನೇ ಕರೆಯುವ ವಿಳಾಸ) ಎಂದಿದ್ದರೆ ಪತ್ರ ಇನ್ನೂ ನಿಮ್ಮ ಯಂತ್ರದ ಹೊಸ್ತಿಲನ್ನೇ ದಾಟಿಲ್ಲ. ಅದು ನಿಮ್ಮದೇ ವೈರಸ್ ಅಥವಾ ಸ್ಪ್ಯಾಮ್ ತಪಾಸಣೆಯ ತಂತ್ರಾಂಶದ ಕೈ ಸೇರಿದೆ, ಅಷ್ಟೆ. ತಪಾಸಣೆ ಮುಗಿಸಿ ಮರಳಿದ ಪತ್ರಕ್ಕೆ ಹೊಸ ಗುರುತು ಸಂಖ್ಯೆ ಸಿಕ್ಕಿರುತ್ತದೆ, ಅದರ ಹೆಸರಿನಲ್ಲಿ ಇನ್ನೊಂದು ‘ಸೆಂಟ್’ ಇರಬೇಕು. ಮೊದಲನೆಯದನ್ನು ನೋಡಿ ಲಾಗ್ ಮುಚ್ಚಿಬಿಡುವವರು ಬಹಳ ಮಂದಿ.

ಇನ್ನು ಎಕ್ಸಿಮ್ ವಿಚಾರ. ಅದು ಉತ್ತಮ ತಂತ್ರಾಂಶವೇ; ಇದೇ ಬಗೆಯ ಸೆಂಡ್‌ಮೇಲ್ ಕೂಡ ಇಂದಿಗೂ ಕೆಲಸ ಮಾಡುತ್ತದೆ. ಆದರೆ ಇವೆಲ್ಲವೂ ಸರ್ವರುಗಳ ನಡುವೆ ಮೇಲ್ ಸಾಗಿಸುವ ಒಂದೇ ಎಸ್‌ಎಂಟಿಪಿ ನಿಯಮದಂತೆ ಮಾತನಾಡುತ್ತವೆ, ಎದುರಿನವರಿಂದ 250 ಕೇಳಿದ ಕ್ಷಣವೇ ತಮ್ಮ ಕೆಲಸ ಮುಗಿಯಿತೆಂದು ಬರೆದುಕೊಳ್ಳುತ್ತವೆ. ಹಾಗಾಗಿ ತಂತ್ರಾಂಶ ಬದಲಿಸುವ ಬದಲು ಲಾಗ್‌ನಲ್ಲಿರುವ ಸಮಯವನ್ನೂ ಎದುರಿನ ಸರ್ವರು ಕೊಟ್ಟ ಗುರುತು ಸಂಖ್ಯೆಯನ್ನೂ ಅಲ್ಲಿನ ನಿರ್ವಾಹಕರಿಗೆ ಕಳಿಸಿ. ಪತ್ರ ಎಲ್ಲಿ ಹೋಯಿತೆಂದು ಅವರು ಮಾತ್ರ ಹೇಳಬಲ್ಲರು. ಪತ್ರಗಳು ಪದೇ ಪದೇ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಪತ್ರ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂದು ಎದುರಿನವರಿಗೆ ಖಚಿತಪಡಿಸುವ, ನಿಮ್ಮ ಡೊಮೈನಿನ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಸರಿಪಡಿಸಿಕೊಳ್ಳಿ.

ಪೋಸ್ಟ್‌ಫಿಕ್ಸ್ ಸುಳ್ಳು ಹೇಳುತ್ತದೆ ಎಂಬ ದೂರು ನನಗೆ ನಿಜಕ್ಕೂ ನೋವು ತರುತ್ತದೆ. ಐಬಿಎಂ ಸಂಶೋಧನಾಲಯದಲ್ಲಿದ್ದಾಗ ವೀಟ್ಸೆ ವೆನೆಮಾ ಅವರು ಬರೆದು 1998ರಲ್ಲಿ ಹೊರತಂದ ಈ ತಂತ್ರಾಂಶ ಹೊಣೆಗಾರಿಕೆಯನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಬಂದ ಪತ್ರವನ್ನು ಡಿಸ್ಕಿನ ಮೇಲೆ ಬರೆದು ಭದ್ರಪಡಿಸಿಕೊಂಡ ಮೇಲೆಯೇ ಅದು ಕಳಿಸಿದವರಿಗೆ 250 ಎನ್ನುತ್ತದೆ. ಮುಂದಿನ ಸರ್ವರು 250 ಎಂದ ಮೇಲೆಯೇ ತನ್ನ ಪ್ರತಿಯನ್ನು ಅಳಿಸುತ್ತದೆ. ನಡುವೆ ಕರೆಂಟು ಹೋದರೂ ಪತ್ರ ಕ್ಯೂನಲ್ಲಿ, ಅಂದರೆ ಕಳಿಸಬೇಕಾದ ಪತ್ರಗಳ ಸರದಿಯಲ್ಲಿ, ಉಳಿದಿರುತ್ತದೆ. ಎದುರಿನವರು 4ರಿಂದ ಆರಂಭವಾಗುವ ಸಂಖ್ಯೆ ಹೇಳಿ ‘ಆಮೇಲೆ ಬಾ’ ಎಂದರೆ, ಮೊದಲಿಗೆ 300 ಸೆಕೆಂಡು ಬಿಟ್ಟು, ಆಮೇಲೆ ಅಂತರವನ್ನು 4000 ಸೆಕೆಂಡಿನವರೆಗೆ ಹಿಗ್ಗಿಸುತ್ತಾ, 5 ದಿನ ಪ್ರಯತ್ನಿಸುತ್ತದೆ. ಅಷ್ಟಾದರೂ ಆಗದಿದ್ದರೆ ಕಳಿಸಿದವರಿಗೆ ವಾಪಸು ತಿಳಿಸುತ್ತದೆ.

ಇಷ್ಟು ಹೇಳಿದ ಮೇಲೆ, ನೀವು ಕೇಳದೇ ಇದ್ದ ಇನ್ನೊಂದು ಮಾತನ್ನೂ ಹೇಳಬೇಕು. ಕೆಲವೊಮ್ಮೆ ಒಂದೇ ಮೇಲ್ ಎರಡು ಮೂರು ಸಲ ಬರುವುದುಂಟಲ್ಲ, ಅದು ಈ ಎಚ್ಚರಿಕೆಯದೇ ಇನ್ನೊಂದು ಮುಖ. ನಿಮ್ಮ ಸರ್ವರು ಪತ್ರವನ್ನು ಪೂರ್ತಿ ಕಳಿಸಿ, ಪತ್ರ ಮುಗಿಯಿತೆಂದು ಸೂಚಿಸುವ ಕೊನೆಯ ಚುಕ್ಕೆಯನ್ನೂ ಇಟ್ಟು ಉತ್ತರಕ್ಕೆ ಕಾಯುತ್ತಿದೆ. ಎದುರಿನವರು ಪತ್ರ ಸ್ವೀಕರಿಸಿದ್ದಾರೆ, ಆದರೆ ಅವರ 250 ಬರುವ ಮೊದಲೇ ಸಂಪರ್ಕ ಕಡಿದುಹೋಯಿತು ಎಂದುಕೊಳ್ಳಿ. ಉತ್ತರ ಕೇಳದ ಪೋಸ್ಟ್‌ಫಿಕ್ಸ್ ಪತ್ರ ತಲುಪಿಲ್ಲವೆಂದೇ ಭಾವಿಸಿ ಮತ್ತೆ ಕಳಿಸುತ್ತದೆ, ಏಕೆಂದರೆ ಪತ್ರ ಕಳೆದುಹೋಗುವುದಕ್ಕಿಂತ ಎರಡು ಸಲ ಹೋಗುವುದು ಲೇಸು. ಈ ಪತ್ರ ಒಂದಕ್ಕಿಂತ ಹೆಚ್ಚು ಸಲ ಹೋಗಿರಬಹುದು ಎಂದು ಲಾಗ್‌ನಲ್ಲಿಯೂ ಎಚ್ಚರಿಸುತ್ತದೆ. ಆ ಉತ್ತರಕ್ಕಾಗಿ ಅದು 600 ಸೆಕೆಂಡು, ಅಂದರೆ ಪೂರ್ತಿ 10 ನಿಮಿಷ ಕಾಯುತ್ತದೆ. ಒಬ್ಬರೇ ಗ್ರಾಹಕರಿಗೆ ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ, ಅಲ್ಲಿನ ವೈರಸ್ ತಪಾಸಣೆಯು ಉತ್ತರವನ್ನು ತಡೆಹಿಡಿದು ನಿಧಾನ ಮಾಡುತ್ತಿದೆಯೇ, ನಡುವಿನ ಫೈರ್‌ವಾಲ್ ಸಂಪರ್ಕವನ್ನು ಅವಧಿಗೆ ಮುಂಚೆಯೇ ಕಡಿಯುತ್ತಿದೆಯೇ ಎಂದು ಆ ನಿರ್ವಾಹಕರನ್ನು ಕೇಳಿ.