ಸಮುದ್ರದಾಚೆಯಿಂದ ಬಂದ ಕನ್ನಡ ಪ್ರಾರ್ಥನೆ

ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಮೆಥೊಡಿಸ್ಟ್ ಪಂಗಡದ ಕ್ರೈಸ್ತ ಸಭೆಗಳು ಬೇರುಬಿಟ್ಟು ನೂರು ವರ್ಷ ದಾಟಿತು. ಈ ಸೀಮೆಯ ಕ್ರೈಸ್ತರಿಗೆ ರೇಡಿಯೊ ಪ್ರಾರ್ಥನೆ ಮಾತ್ರ ದೂರದಿಂದಲೇ ಬಂತು. ಹುಮನಾಬಾದ್ ಕಡೆಯ ನಮ್ಮ ಮನೆಯಲ್ಲಿ ಸಂಜೆ ಕೇಳುತ್ತಿದ್ದ ಕನ್ನಡ ದನಿ ಹೊರಡುತ್ತಿದ್ದುದು 3,000 ಕಿ.ಮೀ.ಗೂ ಆಚೆಯ ಸೇಶೆಲ್ಸ್ ದ್ವೀಪದಿಂದ.

ಕಾರಣ ಕಾನೂನು. ನಿಜಾಮರ ಕಾಲದ ಡೆಕ್ಕನ್ ರೇಡಿಯೊ 1950ರಲ್ಲಿ ಆಕಾಶವಾಣಿಗೆ ಸೇರಿತು. ಗುಲಬರ್ಗಾ ಆಕಾಶವಾಣಿ 1966ರಲ್ಲಿ ಶುರುವಾಯಿತು. ಪ್ರಸಾರವೆಲ್ಲ ಸರ್ಕಾರದ ಕೈಯಲ್ಲಿದ್ದಾಗ ಚರ್ಚಾಗಲಿ ಮಠವಾಗಲಿ ಸ್ವಂತ ಕೇಂದ್ರ ತೆರೆಯುವಂತಿರಲಿಲ್ಲ. ಮಿಷನ್ ಸಂಸ್ಥೆಗಳು ದೇಶದಾಚೆ ನೆಲೆ ಹುಡುಕಿದವು. ಫೀಬಾ ಎಂಬ ಕ್ರೈಸ್ತ ರೇಡಿಯೊ ಸಂಸ್ಥೆ 1970ರಲ್ಲಿ ಸೇಶೆಲ್ಸ್‌ನಿಂದ ಶಾರ್ಟ್‌ವೇವ್ ಪ್ರಸಾರ ಆರಂಭಿಸಿತು. ಅಂಥದೇ ಇನ್ನೊಂದು ಸಂಸ್ಥೆ ಟ್ರಾನ್ಸ್ ವರ್ಲ್ಡ್ ರೇಡಿಯೊ ಶ್ರೀಲಂಕಾದ ಪುತ್ತಲಂ ಆರಿಸಿಕೊಂಡಿತು. ಇಲ್ಲಿ ಧ್ವನಿ ಮುದ್ರಿಸಿದ ಟೇಪು ಸಮುದ್ರ ದಾಟಿ ಹೋಗಿ, ದನಿಯಾಗಿ ವಾಪಸ್ ಬರುತ್ತಿತ್ತು.

ಆ ದನಿ ಆಕಾಶದ ಮೇಲ್ಪದರಕ್ಕೆ ಬಡಿದು ಇಳಿಯುವಂಥದ್ದು. ಒಮ್ಮೆ ಜೋರು, ಒಮ್ಮೆ ಮಾಯ. ಅಜ್ಜಿ ರೇಡಿಯೊದ ಏರಿಯಲ್‌ಗೆ ತಾಮ್ರದ ತಂತಿ ಸುತ್ತಿ ಕಿಟಕಿಯಾಚೆಯ ಬೇವಿನ ಕೊಂಬೆಗೆ ಕಟ್ಟಿದ್ದಳು. ಸೆಲ್ ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಶಾಲೆ ಎಂದರೆ ಉರ್ದು. ಕನ್ನಡ ಬೈಬಲ್ ಮನೆಯಲ್ಲಿದ್ದರೂ ಓದಿ ಹೇಳುವವರು ಬೇಕಿತ್ತು. ರೇಡಿಯೊ ಆ ಕೆಲಸ ಮಾಡಿತು. ಇದರ ಬೆಲೆಯನ್ನು ನಮ್ಮ ಸಭೆಗಳ ಚರಿತ್ರೆ ಬರೆಯುವವರು ಮರೆಯಬಾರದು. ಕಾರ್ಯಕ್ರಮ ಮುಗಿದ ಮೇಲೆ ಅವಳು ಹೇಳುತ್ತಿದ್ದುದನ್ನು ನಾನು ರೇಡಿಯೊದವರಿಗೆ ಇನ್‌ಲ್ಯಾಂಡ್ ಪತ್ರದಲ್ಲಿ ಬರೆಯುತ್ತಿದ್ದೆ: ಮಳೆ ಬಂದಿಲ್ಲ, ತೊಗರಿ ಒಣಗ್ಯಾದ, ಪ್ರಾರ್ಥನಾ ಮಾಡ್ರಿ.

1995ರಲ್ಲಿ ಸುಪ್ರೀಂ ಕೋರ್ಟ್ ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಖಾಸಗಿ ಎಫ್‌ಎಂ ಬಂತು. ಆದರೆ ಧಾರ್ಮಿಕ ಸಂಸ್ಥೆಗಳಿಗೆ ಅದರ ಪರವಾನಗಿ ಇಲ್ಲ. 2003ರಲ್ಲಿ ಫೀಬಾದ ಸೇಶೆಲ್ಸ್ ಕೇಂದ್ರ ಮುಚ್ಚಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ತೆರೆಯಲು ಅವಕಾಶವಾಯಿತು, 100 ವಾಟ್‌ನ ಪುಟ್ಟ ಕೇಂದ್ರ. ಅದು ಒಂದು ಸಭೆಗಲ್ಲ, ಇಡೀ ಊರಿಗೆ ಸೇರಿದ್ದಾಗಿರಬೇಕು. ನನಗೆ ಅದೇ ಸರಿ ಅನಿಸುತ್ತದೆ. ಅಲ್ಲಿ ನಮ್ಮ ಸೀಮೆಯ ಮಾತಿಗೆ ಜಾಗ ಸಿಗುತ್ತದೆ.

ರೇಡಿಯೊದಲ್ಲಿ ಕೇಳುತ್ತಿದ್ದುದು ಪುಸ್ತಕದ ಕನ್ನಡ. "ಕರ್ತನೇ, ನಮ್ಮನ್ನು ಕಾಪಾಡು" ಎಂದು ಅಲ್ಲಿಂದ ಬಂದರೆ, ಅಜ್ಜಿ ಕಣ್ಣು ಮುಚ್ಚಿ ತನ್ನ ಮಾತಿನಲ್ಲೇ ಹೇಳಿಕೊಳ್ಳುತ್ತಿದ್ದಳು: "ನಮಗ ಕಾಯಪ್ಪಾ, ತಂದಿ."